ಬಣ್ಣ ಹೋಗೂದಿಲ್ರೀ

ಸಂಜಿ ಆರರಿಂದ ಒಂಬತ್ತರ ತನಕ
ದುಂಡನ್ನ ಲೈಟಿನ ಮುಂದ ನಿಂತು ಹೇಳತೀನಿ:
"ಬಣ್ಣ ಹೋಗೂದಿಲ್ರೀ ಅಕ್ಕಾರ, ಗ್ಯಾರಂಟಿ.
ತೊಳೀರಿ, ಹಿಂಡ್ರಿ, ಬಿಸಿಲಿಗೆ ಹಾಕ್ರಿ.
ಟೋಪ್ ತೆನಿ ಸೆರಗು, ಗೋಮಿ ದಡಿ, ಅಪ್ಪಟ ಇಳಕಲ್ಲ.
ಸ್ಕ್ರೀನ್‌ಶಾಟ್ ತಗೊಂಡು ನಂಬರಿಗೆ ಕಳಸ್ರಿ."
ಮೊಬೈಲಿನ್ಯಾಗ ಯಾರೋ ರೇಟು ಕೇಳತಾರ,
ಯಾರೋ ಬರೇ ಹೂವಿನ ಚಿತ್ರ ಒಗೀತಾರ.
ಒಬ್ಬಾಕಿ ಮಾತ್ರ:
"ತಂಗಿ, ನಿನ್ನ ಗಲ್ಲಕ್ಕ ಏನಾಗೇತಿ?"

ಏನಾಗೇತಿ ಅಂದ್ರ,
ಮೂರು ತಾಸಿನ ಫೌಂಡೇಶನ್ನಿನ ಕೆಳಗ
ನಾಕು ಕೆಂಪು ಗುಳ್ಳಿ.
ಈ ಊರಿನ ಕಲ್ಲು ಗಟ್ಟಿ, ನನ್ನ ತೊಗಲಲ್ಲ.
ಸಣ್ಣಾಕಿದ್ದಾಗ ಕಂಬಳಿ ತಾಗಿದ್ರ ಸಾಕು
ಮೈತುಂಬ ದದ್ದು ಏಳತಿದ್ದುವಂತ.
ಧನಿ ಕೊಟ್ಟ ವೈಪ್ಸು ಗುಲಾಬಿ ವಾಸನೀದು,
ಮೂಗಿಗೆ ಹಬ್ಬ, ಮಾರಿಗೆ ಬೆಂಕಿ.
ತೊಳಕೋಬೇಕಂದ್ರ ನಳ ಬರೂದು ನಾಕು ದಿನಕ್ಕೊಮ್ಮಿ.
ದಣದು ಬಂದಾಗ ಕೊಡದಾಗಿರೂದು
ಕುಡಿಯೂವಷ್ಟ.

ಜುಬೇದಾಬಿಯ ಫ್ಯಾನ್ಸಿ ಸ್ಟೋರಿಗೆ ಹೋಗಿ ಅಂದೆ:
"ಬಣ್ಣ ಹೋಗೂವಂಥಾದ್ದು ಕೊಡ್ರಿ."
ಅಂದ ಮ್ಯಾಲ ನನಗ ನಗು ಬಂತು.
ಗಾಜಿನ ಮ್ಯಾಲ ಮೂರು ಪಾಕೀಟು ಇಟ್ಟಳು.
ಹತ್ತಕ್ಕ ಐವತ್ತು.
ಇಪ್ಪತ್ತೈದಕ್ಕ ನೂರಾ ಹತ್ತು.
ಕೂಸಿನ ಚಿತ್ರದ್ದು ಎಂಬತ್ತಕ್ಕ ತೊಂಬತ್ತೊಂಬತ್ತು;
ನನ್ನ ಕೈ ಅದರ ಕಡೀಗೇ ಹೋತು.
"ಅದು ಕೂಸಿನ ಕುಂಡಿಗವ್ವಾ,
ನಿನ್ನ ಕಾಡಿಗಿಗೆ ಜಗ್ಗೂದಿಲ್ಲ."

ಹಿಂದಿನ ಅಕ್ಷರ ಇರವಿ ಕಾಲಿನಷ್ಟು.
ಚಸ್ಮಾ ಮೂಗಿನ ತುದಿಗೆ ಜಾರಿಸಿ ಓದಿದಳು.
ಸೆಂಟು ಐತಿ, ಬ್ಯಾಡ. ಆಲ್ಕೋಹಾಲು ಐತಿ, ಬ್ಯಾಡ.
ಇದು ನೋಡು, ಮೂಸು. ಏನೂ ಬರೂದಿಲ್ಲಲ್ಲ?
ಹಂಗ ಇರಬೇಕು.
"ಮೊದಲ ಮೊಣಕೈ ಒಳಮಗ್ಗಲಾಗ ಒರಸಿ
ಒಂದು ರಾತ್ರಿ ಕಾಯಿ.
ಮಗಳ ಮದವ್ಯಾಗ ನಾ ಕಾಯಲಿಲ್ಲ..."
ಕತಿ ಅಲ್ಲಿಗೇ ಬಿಟ್ಟು ಚಿಲ್ಲರ ಎಣಿಸಿದಳು.

ಒಂದಕ್ಕ ನಾಕು ರೂಪಾಯಿ ನಲವತ್ತು ಪೈಸೆ.
ಅರ್ಧ ಕತ್ತರಿಸಿದ್ರ ಎರಡು ಇಪ್ಪತ್ತು,
ಒಂದು ಕಪ್ ಚಾಕ್ಕಿಂತ ಸಸ್ತಾ.
ಲೆಕ್ಕ ಹಾಕ್ಕೋತ ಮನಿ ಮುಟ್ಟಿದೆ.

ಅಪ್ಪ ಮಗ್ಗದ ಕುಣಿಯೊಳಗಿಂದ ಎದ್ದು ಬಂದ.
ಒಂದು ಹಾಳಿ ಎಳದು ಬಲ್ಬಿಗೆ ಹಿಡದು ನೋಡಿದ.
ಹೆಬ್ಬೆಟ್ಟಿಲೆ ತಿಕ್ಕಿದ, ಓರೆ ಜಗ್ಗಿದ.
"ಹಾಸಿಲ್ಲ, ಹೊಕ್ಕಿಲ್ಲ.
ಯಾರು ನೇಯ್ದಾರ ಇದನ್ನ?"
"ಯಾರೂ ನೇಯ್ದಿಲ್ಲಪ್ಪಾ."
"ನೇಯದ ಬಟ್ಟಿ ಹೆಂಗಾತು?"
ನಲವತ್ತು ವರ್ಷ ಒಡಲಿಗೂ ಸೆರಗಿಗೂ
ಎಳಿ ಎಳಿ ಕೊಂಡಿ ಹಾಕಿದಾಂವ,
ಉತ್ತರ ಸಿಗಲಾರದಕ್ಕ ಅದರಲೇ
ತನ್ನ ಕುತ್ತಿಗಿ ಒರಸಿಕೊಂಡ.
"ತಣ್ಣಗೈತಿ ಬಿಡು," ಅಂದ.
ಹೋತು ನಾಕು ರೂಪಾಯಿ ನಲವತ್ತು ಪೈಸೆ.

ರಾತ್ರಿ ಕಾದೆ. ಮೊಣಕೈ ಸುಮ್ಮನಿತ್ತು.
ಮರುದಿನ ಲೈವ್ ಮುಗಿಸಿ, ಧನಿಯ ಸೀರಿ ಬಿಚ್ಚಿ ಮಡಚಿಟ್ಟು
ಬಂದು ಕತ್ತರಿ ಹುಡುಕಿದೆ.
ಅರ್ಧ ಹಾಳಿ ಕಣ್ಣ ಮ್ಯಾಲಿಟ್ಟು ಇಪ್ಪತ್ತು ಎಣಿಸಿದೆ.
ತಿಕ್ಕಲಿಲ್ಲ. ಕಾಡಿಗಿ ತಾನ ಇಳೀತು,
ಸಾಲಗಾರ ತಾನ ಎದ್ದು ಹೋದಂಗ.
ಒಂದು ತಂಬಗಿ ನೀರು ಮಾತ್ರ ಮಾರಿಗೆ.

ಹಾಳಿ ಬಿಚ್ಚಿದೆ.
ಅದರಾಗ ಅರ್ಧ ಹುಬ್ಬು, ಒಂದು ತುಟಿ,
ಮೂರು ತಾಸು ನಕ್ಕದ್ದು.
ಕುಣಿಯೊಳಗಿಂದ ಅಪ್ಪ: "ಬಣ್ಣ ಹೋತೇನ?"
"ಹೋತು."
"ಕಚ್ಚಾ ಬಣ್ಣ," ಅಂದ, ಲಾಳಿ ಒಗದ.

ಕನ್ನಡಿಯಾಗ ನಾಕು ಗುಳ್ಳಿ ಹಂಗ ಇದ್ದುವು.
ಉರಿ ಇರಲಿಲ್ಲ.
ಮೊನ್ನೆ ಕೇಳಿದಾಕಿಯನ್ನ ಹುಡುಕಿ ಬರದು ಕಳಿಸಿದೆ:
ವಾಸನಿ ಇಲ್ಲದ್ದು ತಗೋರಿ, ಇಪ್ಪತ್ತೈದಕ್ಕ ನೂರಾ ಹತ್ತು,
ಕತ್ತರಿಸಿದ್ರ ಐವತ್ತು ದಿನ.
ಬಾಳ ಹೊತ್ತಿನ ಮ್ಯಾಲ ಉತ್ತರ ಬಂತು,
"ನನ್ನ ಗಲ್ಲಾನೂ ಹಂಗ ಐತಿ ತಂಗಿ."

ಸೀರಿ ಮಾತ್ರ ತಗೊಳ್ಳಲಿಲ್ಲ.