ಬೇಜಾರು

ಪುಟಕ್ಕೆ ನೂರಿಪ್ಪತ್ತು ರೂಪಾಯಿ ನನಗೆ,
ಕನ್ನಡದಿಂದ ಮಲಯಾಳಕ್ಕೆ, ಮುದ್ರೆ ಸಹಿತ.
ಬಾಯಿಮಾತಿಗೆ ದಿನದ ಲೆಕ್ಕ.
ಚೀಮೇನಿಯ ಗೋಡೆಯಿಲ್ಲದ ಜೈಲಿಗೆ ಆ ದಿನ
ಮನಶ್ಶಾಸ್ತ್ರಜ್ಞೆ ಪ್ರಸೀತಾ ಬಂದಿದ್ದರು ಪಯ್ಯನ್ನೂರಿನಿಂದ,
ಐವತ್ತೆರಡು ಪ್ರಶ್ನೆಗಳ ಫಾರಂ ಹಿಡಿದು.
ಕರೆಂಟು ಇರಲಿಲ್ಲ.

ಎದುರಿಗೆ ಬದಿಯಡ್ಕ ಕಡೆಯ ಚನಿಯಪ್ಪ.
ಹನ್ನೊಂದು ವರ್ಷವಾಯಿತು ಒಳಗೆ.
ಅಣ್ಣನನ್ನು ಕೊಂದ ಕೈ
ಈಗ ಕೆಂಪುಕಲ್ಲು ಕಡಿಯುತ್ತದೆ.
ಉಗುರಿನ ಸಂದಿಯ ಕೆಂಪು ಕಲ್ಲಿನದೇ
ಎಂದು ನನಗೆ ನಾನೇ ಹೇಳಿಕೊಂಡೆ.

ಮೂವತ್ತೊಂದನೇ ಪ್ರಶ್ನೆ:
ಮಾಡಿದ್ದರ ಬಗ್ಗೆ ಈಗ ಏನನ್ನಿಸುತ್ತದೆ?
ಕಿಟಕಿಯಾಚೆ ಕೋಳಿಯೊಂದು ಮಣ್ಣು ಕೆದರುತ್ತಿತ್ತು.
ತುಂಬಾ ಹೊತ್ತು ಅದನ್ನೇ ನೋಡಿ
"ಬೇಜಾರುಂಟು" ಎಂದ.

ಅಷ್ಟೇ.

ನಮ್ಮಲ್ಲಿ ಬಸ್ಸು ತಪ್ಪಿದರೂ ಬೇಜಾರು,
ಪಲ್ಯಕ್ಕೆ ಉಪ್ಪು ಹೆಚ್ಚಾದರೂ ಬೇಜಾರು.
ನನ್ನವರು ತೀರಿಕೊಂಡ ದಿನ ಅಂಗಳದಲ್ಲಿ ನಿಂತವರು
"ಬೇಜಾರು ಮಾಡಬೇಡಿ ಟೀಚರೇ" ಅಂದದ್ದೂ ಅದನ್ನೇ.
ಮಲಯಾಳದಲ್ಲಿ ಇದಕ್ಕೆ ಎರಡು ಬಾಗಿಲು:
ಮಡುಪ್ಪು ಅಂದರೆ ಕೂತು ಕೂತು ಸಾಕಾದದ್ದು,
ಸಂಕಡಂ ಅಂದರೆ ಎದೆಯೊಳಗೆ ಕಲ್ಲಾದದ್ದು.
ಎಂಥ ಬೇಜಾರು ಮಾರಾಯಾ, ಎಂದು ಕೇಳುವ ಹಾಗಿಲ್ಲ.
ದುಭಾಷಿಗೆ ಮರುಪ್ರಶ್ನೆಯ ಹಕ್ಕಿಲ್ಲ.
ಪೆನ್ನು ಕಾಯುತ್ತಿತ್ತು.

ಸಂಕಡಂ, ಎಂದೆ.

ಡಾಕ್ಟರ್ ತಲೆಯೆತ್ತಿ ಅವನ ಮುಖ ನೋಡಿದರು.
ಅವನಿಗಿನ್ನೂ ಕೋಳಿಯ ಮೇಲೇ ಕಣ್ಣು.
ಬರೆದರು: ಮಾತಿಗೂ ಭಾವಕ್ಕೂ ಹೊಂದಿಕೆಯಿಲ್ಲ.
ಪಶ್ಚಾತ್ತಾಪ, ಐದರಲ್ಲಿ ಎರಡು.
ಕೆಟ್ಟವರಲ್ಲ ಅವರು, ಅವನಿಗೂ ಬಿಸ್ಕೆಟ್ ತಂದಿದ್ದರು.
ಮಡುಪ್ಪು ಎಂದಿದ್ದರೆ
ಮುಖಕ್ಕೂ ಮಾತಿಗೂ ತಾಳೆಯಾಗುತ್ತಿತ್ತೋ ಏನೋ.

ಪೆರೋಲ್ ಕಡತದ ತಳದಲ್ಲಿ ಒಂದು ನೋಟ್‌ಬುಕ್ಕಿನ ಹಾಳೆ.
ಅಣ್ಣನ ಹೆಂಡತಿ ಉಮಾವತಿಯದು, ಕನ್ನಡದಲ್ಲಿ:
"ಹಿಂದಿನ ಬರೆ ಜರಿದಿದೆ. ಬಾವಿಗೆ ಹೊಸ ರಾಟೆ ಹಾಕಿಸಿದೆ.
ಮಗಳು ಪ್ಲಸ್ ಟು ಪಾಸು.
ಅವ ಬರುವುದಾದರೆ ಮೊದಲೇ ತಿಳಿಸಿ.
ನಮಗೂ ಬೇಜಾರುಂಟು."

ಬರಲಿ ಎಂದಿಲ್ಲ, ಬಾರದಿರಲಿ ಎಂದೂ ಇಲ್ಲ.
ತಜ್ಞರ ಅಭಿಪ್ರಾಯವಲ್ಲವಲ್ಲ,
ಅದಕ್ಕೆ ಪುಟಸಂಖ್ಯೆ ಹಾಕಿಲ್ಲ,
ಅನುವಾದದ ಪಟ್ಟಿಯಲ್ಲೂ ಸೇರಿಸಿಲ್ಲ.

ಒಂಬತ್ತು ಪುಟಕ್ಕೆ "ಮೂಲಕ್ಕೆ ಸರಿಯಾಗಿದೆ" ಎಂದು
ಸಹಿ ಹಾಕಿದೆ, ಮುದ್ರೆ ಒತ್ತಿದೆ.
ಹತ್ತನೆಯದನ್ನು ಮನೆಯಲ್ಲಿ ರಾತ್ರಿ ಕೂತು
ಬಿಟ್ಟಿಯಾಗಿ ಮಾಡಿದೆ,
ಬರೆ, ಬಾವಿ, ರಾಟೆ, ಮಗಳು, ಎಲ್ಲ ಮಲಯಾಳದಲ್ಲಿ.
ಆ ಒಂದು ಶಬ್ದವನ್ನು ಮಾತ್ರ
ನಮ್ಮ ಲಿಪಿಯಲ್ಲೇ ಬಿಟ್ಟು ಲಗತ್ತಿಸಿದ್ದೇನೆ.

ಮಂಡಳಿಗೆ ಓದಲು ಬಾರದಿದ್ದರೆ
ನನ್ನನ್ನು ಕರೆಸಲಿ.