ಒರೆಸಬೇಡಿ

ಕೊಳ್ಳಲು ಬಂದಾತ ಪೆಟ್ಟಿಗೆ ಪೆಟ್ಟಿಗೆ ತೆರೆದು
ಗಾಲಿ ಎಣಿಸಿದ, ಕೊಂಡಿ ಎಳೆದು ನೋಡಿದ.
ಹದಿನಾಲ್ಕನೆಯ ನಂಬರಿನ ಇಂಜಿನ್ನಿಗೆ ಬಂದಾಗ ಮಾತ್ರ
ಮೂಗು ಮುರಿದು ಕರವಸ್ತ್ರ ತೆಗೆದ.

ನಿಲ್ಲಿ, ಅಂದೆ.

ನಮ್ಮ ಕಣಿವೆಯಲ್ಲಿ, ಪೆನ್ಸಿಲ್ವೇನಿಯಾದ ಆ ಕಲ್ಲಿದ್ದಲ ಸಂದಿಯಲ್ಲಿ,
ಸಂಜೆ ನಾಲ್ಕು ಹತ್ತರ ಗಾಡಿಗೆ ಹೆದರಿ
ಬೀದಿಗೆ ಬೀದಿಯೇ ಒದ್ದೆ ಬಟ್ಟೆ ಒಳಗೆಳೆದುಕೊಳ್ಳುತ್ತಿತ್ತು.
ಅಜ್ಜ ಓಂದ್ರೆಯ್ ಅದರ ಒಲೆಗೆ ಇದ್ದಲು ಹಾಕುವವ;
ನಮ್ಮ ಮನೆ ದಾಟುವಾಗಲೇ, ಬೇಕೆಂದೇ,
ಒಂದು ಸಲಿಕೆ ಹೆಚ್ಚು.
ಅಜ್ಜಿ ಜುಜಾನಾ ದಿಂಬಿನ ಗವಸು ಕೊಡವುತ್ತ
ಸ್ಲೋವಾಕ್ ನುಡಿಯ ಬೈಗುಳವೆಲ್ಲ ಬೈದು ಮುಗಿಸುವಷ್ಟರಲ್ಲಿ
ಗಾಡಿ ತಿರುವಿನಾಚೆ.

ಹಳಿ ಕಿತ್ತ ವರ್ಷ ಅಪ್ಪ ಈ ಆಟದ ಇಂಜಿನ್ ತಂದ.
ಕ್ರಿಸ್ಮಸ್ ಗಿಡದ ಬುಡದಲ್ಲಿ ಸುತ್ತಿತು,
ಹೊಸ ಬೂಟಿನ ಹಾಗೆ ಮಿರಮಿರ.
ಅಜ್ಜ ಆಗಲೇ ಇರಲಿಲ್ಲ.
ಅಜ್ಜಿ ಮೂರು ಸುತ್ತು ನೋಡಿದಳು.
"ಇದಲ್ಲ," ಅಂದಳು.
ಅಡುಗೆಮನೆಗೆ ಹೋಗಿ, ಒಲೆಯ ಮಸಿಗೆ ಬೆರಳದ್ದಿ ಬಂದು
ಇಂಜಿನ್ನಿನ ಕೆನ್ನೆಗೆ, ಬೆನ್ನಿಗೆ,
ಜ್ವರದ ಮಗುವಿಗೆ ಮದ್ದು ತೀಡುವ ಹಾಗೆ
ತೀಡಿದಳು.

"ಮಸಿ ಒರೆಸಿದರೆ ಬೆಲೆ ಇಮ್ಮಡಿ," ಅಂದ ಬಂದಾತ.
ಉಳಿದದ್ದೆಲ್ಲ ಕೊಟ್ಟೆ.
ನನ್ನ ಹೆಬ್ಬೆರಳೂ ಅಷ್ಟರಲ್ಲಿ ಕಪ್ಪಾಗಿತ್ತು.