ನೀರಿನವನ ನಂಬರು

ಸುವೈಕಿನ ಮೀನುಪೇಟೆ ಹಿಂದಿನ ಓಣಿಯಲ್ಲಿ
ದಿಶ್‌ದಾಶಾ ಹೊಲಿಯುವವ ನಾನು, ಹತ್ತೊಂಬತ್ತು ವರುಷ.
ಫೋನುಗಳ ಚರಿತ್ರೆ ಬೇಕೇ? ಜೇಬಿನ ಅಳತೆಪುಸ್ತಕ ನೋಡಿ.
ಮೊದಲು ಮೂರು ಬೆರಳ ಅಗಲ ಸಾಕಿತ್ತು,
ಆಮೇಲೆ ಅಂಗೈ, ಈಗ ಅಂಗೈ ಮೇಲೊಂದು ಗೆಣ್ಣು.
ಗಿರಾಕಿ ಕತ್ತಿನ ಅಳತೆ ಕೊಡುವ ಮೊದಲೇ
ಫೋನು ತೆಗೆದು ಮೇಜಿನ ಮೇಲಿಡುತ್ತಾನೆ,
ಮಗುವನ್ನು ಡಾಕ್ಟರ ಮುಂದೆ ಕೂರಿಸಿದ ಹಾಗೆ:
ಇದಕ್ಕೆ ಸರಿಯಾಗಿ ಹೊಲಿ. ಬಗ್ಗಿದರೆ ಬೀಳಬಾರದು.

ನನ್ನದು ಕಳೆದ ಶಾಬಾನಿನಲ್ಲಿ ಬಿತ್ತು,
ಇಸ್ತ್ರಿಯ ಬಕೆಟಿಗೆ, ನೆಟ್ಟಗೆ, ಮುಖ ಕೆಳಗಾಗಿ.
ಬಾಸ್ಮತಿಯಲ್ಲಿ ಹೂತಿಡು ಎಂದ ಪಕ್ಕದಂಗಡಿಯ ಸಿಲಾರ್.
ಮೂರು ದಿನ ಹೂತಿಟ್ಟೆ. ನಾಲ್ಕನೇ ದಿನ
ಫೋನು ಏಳಲಿಲ್ಲ, ಅನ್ನ ಚೆನ್ನಾಗಿತ್ತು.

ಸಿಮ್ಮೂ ಹೋಯಿತು. ಅದಿದ್ದದ್ದು ಕಫೀಲನ ಹೆಸರಲ್ಲಿ,
ಕಫೀಲ ತೀರಿಕೊಂಡು ಎರಡು ವರುಷ.
ಸತ್ತವನ ಬೆರಳಚ್ಚು ಎಲ್ಲಿಂದ ತರಲಿ?
ಕಂಪನಿಯ ಹುಡುಗಿ ಹೊಸದು ಕೊಟ್ಟಳು,
ಕೊನೆಗೆರಡು ಸೊನ್ನೆ. ಅದೃಷ್ಟ ನಿಮ್ಮದು ಎಂದಳು.

ಮರುದಿನ ನಸುಕು, ನಾಲ್ಕೂಮುಕ್ಕಾಲು.
"ಮೋಯಾ! ವೇನ್ ಮೋಯಾ?"
ನೀರೆಲ್ಲಿ, ನೀರೆಲ್ಲಿ ಎಂದು ನನ್ನನ್ನು ಕೇಳಿದರೆ?
ಐದಕ್ಕೆ ಇನ್ನೊಬ್ಬ. ಐದೂಹತ್ತಕ್ಕೆ ಮಸೀದಿಯಿಂದ.
ಮದುವೆಮನೆಯವನೊಬ್ಬ ಎರಡು ಟ್ಯಾಂಕರ್ ಎಂದು
ದಾರಿಯನ್ನೂ ಹೇಳಿ ಇಟ್ಟೇಬಿಟ್ಟ.

ಕಂಪನಿಗೆ ಫೋನು ಮಾಡಿದೆ.
ಅರಬ್ಬಿಗೆ ಒಂದು, ಇಂಗ್ಲಿಷಿಗೆ ಎರಡು,
ಹಿಂದಿಗೆ ಮೂರು ಒತ್ತಿ ಕೊಳಲು ಕೇಳುತ್ತ ಕೂತೆ.
ಆ ಕೊಳಲು ಮುಗಿಯುವಷ್ಟರಲ್ಲಿ ಎರಡು ತೋಳು, ಒಂದು ಕಾಲರ್ ಆಯಿತು.
ಕೊನೆಗೊಬ್ಬ ಬಂದ: "ಸರ್, ನಂಬರು ಕ್ಲೀನಾಗಿದೆ.
ಇದರ ಹಿಂದೆ ಯಾರೂ ಇಲ್ಲ."
ಯಾರೂ ಇಲ್ಲದವನಿಗೆ, ಮಾರಾಯ,
ಒಂದೇ ವಾರದಲ್ಲಿ ನಲವತ್ತೊಂದು ಮನೆಯ ಬಾಯಾರಿಕೆಯೇ?
ಸೇವೆ ಹೇಗಿತ್ತು, ಐದರಲ್ಲಿ ಎಷ್ಟು, ಎಂದು ಮೆಸೇಜು.
ಸೊನ್ನೆ ಒತ್ತಿದೆ. ಸೊನ್ನೆಗೆ ಅವಕಾಶವಿಲ್ಲ ಎಂದಿತು.

ರಾಂಗ್ ನಂಬರ್ ಎಂದರೆ ಬೈಯುತ್ತಾರೆ,
ಕಟ್ ಮಾಡಿದರೆ ಮತ್ತೆ ಮಾಡಿ ಬೈಯುತ್ತಾರೆ.
ಬೇಸತ್ತು ದಾದ್‌ಮೊಹಮ್ಮದನ ನಂಬರು ತಂದೆ,
ನೀಲಿ ಟ್ಯಾಂಕರಿನ ಬಲೂಚಿ,
ಗುರುತು ಹಾಕುವ ಸೀಮೆಸುಣ್ಣದಲ್ಲೇ
ಟ್ರಯಲ್ ಕನ್ನಡಿಯ ಮೂಲೆಗೆ ಬರೆದಿಟ್ಟೆ.
ಕೇಳಿದವರಿಗೆ ಅದನ್ನೇ ಓದಿದೆ. ಓದಲು ಬಾರದವರಿಗೆ
ನಾನೇ ಮಾಡಿ ಹೇಳಿದೆ. ನನ್ನ ಬೈಸಾ, ಅವರ ನೀರು.

ರಂಜಾನಿನ ಹನ್ನೆರಡನೇ ರಾತ್ರಿ ಒಂದು ಮುದಿದನಿ.
ನೀರು ಕೇಳಲಿಲ್ಲ.
"ಇದು ನನ್ನ ನಂಬರು," ಎಂದ.

ಹೆಸರು ಮುಸಬ್ಬಹ್. ಹದಿನಾರು ವರುಷ
ಟ್ಯಾಂಕರಿನ ಎರಡೂ ಬಾಗಿಲ ಮೇಲೆ ಬರೆಸಿದ್ದನಂತೆ.
ಸೊಹಾರಿನ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಮಲಗಿದ,
ರೀಚಾರ್ಜ್ ಮಾಡಲು ಯಾರಿಗೂ ನೆನಪಾಗಲಿಲ್ಲ,
ಕಂಪನಿಯವರು ನಂಬರು ತೆಗೆದು ಒರೆಸಿಟ್ಟರು.
ನನ್ನ ಒಡಕು ಅರಬ್ಬಿಯಲ್ಲಿ ಹೇಳಿದೆ:
ವಾಪಸ್ ಕೊಡುತ್ತೇನೆ ಬಾಬಾ, ನಾಳೆಯೇ.
"ಟ್ಯಾಂಕರ್ ಮಾರಿಯಾಯಿತು. ಬರೀ ನಂಬರಿಟ್ಟುಕೊಂಡು ಏನು ಕುಡಿಯಲಿ?"
ಕೆಮ್ಮಿದ. ಆಮೇಲೆ:
"ಮೌಝಾ ಎಂಬವಳು ಫೋನು ಮಾಡುತ್ತಾಳಾ?
ಎಲ್ಲರಿಗಿಂತ ಮೊದಲು, ಮಾತಿಗೆ ಮುಂಚೆ
ಎರಡು ಸಲ ಗಂಟಲು ಸರಿಮಾಡಿ?"
ಮಾಡುತ್ತಾಳೆ ಎಂದೆ.
"ಅವಳ ತೊಟ್ಟಿ ಸೋರುತ್ತದೆ. ಅರ್ಧವೇ ಕಳಿಸು,
ದುಡ್ಡೂ ಅರ್ಧಕ್ಕೆ. ಪೂರ್ತಿ ಎನ್ನುತ್ತಾಳೆ. ಕೇಳಬೇಡ."
ಇಟ್ಟ. ಬಂದ ನಂಬರಿಗೆ ತಿರುಗಿ ಮಾಡಿದರೆ
ಯಾವುದೋ ವಾರ್ಡಿನ ನರ್ಸು.

ಇವತ್ತು ನಸುಕಿಗೂ ಬಂತು. ಗಂಟಲು ಎರಡು ಸಲ.
"ಪೂರ್ತಿ ಟ್ಯಾಂಕರ್," ಎಂದಳು.
"ತಮಾಮ್, ಉಮ್ಮಿ," ಎಂದೆ,
ದಾದ್‌ಮೊಹಮ್ಮದನಿಗೆ ಅರ್ಧ ಎಂದೆ.
ಕತ್ತರಿ ಹಿಡಿಯುವಷ್ಟರಲ್ಲಿ ಕಂಪನಿಯ ಮೆಸೇಜು:
ಅಭಿನಂದನೆಗಳು! ಇಂದು ಮಧ್ಯರಾತ್ರಿವರೆಗೆ ನಿಮಗೆ ಅನಿಯಮಿತ...
ಏನು ಅನಿಯಮಿತ ಎಂಬುದು
ಸ್ಕ್ರೀನಿನ ಬಿರುಕಿನೊಳಗೆ ಹೋಗಿತ್ತು.